ಲಾಡಿಯ ಅಳತೆ

ರಾತ್ರಿ ಎಂಟರ ಮೇಲೆ ರೂವಿಯ ನಮ್ಮ ಅಂಗಡಿಗೆ ಬರುವವರು
ಕೊಳ್ಳಲು ಬರುವವರಲ್ಲ, ಏಸಿಗೆ ಬರುವವರು.
ಖಾರ್ವಿಯವರೂ ಹಾಗೇ ಅಂದುಕೊಂಡೆ.
ಗಂಗೊಳ್ಳಿಯವರು. ಕಡಲ ನೀರು ಸಿಹಿ ಮಾಡುವ ಕಾರ್ಖಾನೆಯಲ್ಲಿ
ಪಂಪಿನ ಮಗ್ಗುಲಿಗೆ ಹತ್ತೊಂಬತ್ತು ವರ್ಷ ನಿಂತವರು.
ಕಿಸೆಯಿಂದ ಎಳೆದರು ಎರಡು ಪಾಯಿಜಾಮದ ಲಾಡಿ,
ನಡುವೆ ಬಲೆಯ ಗಂಟು.
'ಹ್ವಾಯ್ ಆದಿಕ್, ಇಷ್ಟ್ ಉದ್ದದ್ ಬೇಕ್,
ಆ ಬೆಳ್ಕಿನ ವಯರು.'

ನನ್ನ ಹೆಸರು ಸಾದಿಕ್.
ಅವರ ಕಿವಿಯಲ್ಲಿ ಸಕಾರ ಉಳಿದಿಲ್ಲ.

ಕೆಳಮನೆಯ ಈಜಿಪ್ಟಿನ ಇಂಜಿನಿಯರು ಊರಿಗೆ ಹೊರಟಾಗ
ಮೆಟ್ಟಿಲ ಬಳಿ ಬಿಟ್ಟುಹೋದ ಸೌಂಡ್‌ಬಾರು:
ರಿಮೋಟಿಲ್ಲ, ವಯರಿಲ್ಲ, ಒಂದು ಕಾಲಿಲ್ಲ.
ಬೆನ್ನಿಗೊಂದು ಪುಟ್ಟ ಬಾಗಿಲು, ತಳ್ಳಿದರೆ ಕತ್ತಲು.
ಟೀವಿಯ ಬೆನ್ನಿಗೂ ಅಂಥದೇ ಬಾಗಿಲಂತೆ,
ಅದರೊಳಗೆ ಮಾತ್ರ ಒಂದು ಕೆಂಪು ದೀಪ,
ಕೇಳುವವರಿಲ್ಲದೆ ಉರಿಯುತ್ತಿದೆಯಂತೆ.

ಎರಡು ತೆಗೆದಿಟ್ಟೆ.
ಒಂದು, ಚಿನ್ನದ ಮೂತಿಯದು, ಹೆಣೆದ ಅಂಗಿ,
ಮಖಮಲ್ಲಿನ ಡಬ್ಬಿ, ಆರು ರಿಯಾಲು
(ಅದರಲ್ಲಿ ಅರ್ಧ ರಿಯಾಲು ನನ್ನದು).
ಇನ್ನೊಂದು ಬರೀ ಕಪ್ಪು, ಪ್ಲಾಸ್ಟಿಕ್ ಚೀಲ, ಮೇಲೊಂದು ಪಿನ್ನು,
ಒಂದು ರಿಯಾಲು ನಾನೂರು ಬೈಸಾ.
ಗಾಜಿನ ಹಿಂದೆ ನೋಟೆಣಿಸುವ ಸೇಠರ ಒಂದು ಕಣ್ಣು ನನ್ನ ಮೇಲೆ.
ಶುರುಮಾಡಿದೆ: 'ಚಿನ್ನದ ತುದಿ ನೋಡಿ, ತುಕ್ಕಿಲ್ಲ,
ಸ್ವರವಂತೂ ಜೇನು.'

ಖಾರ್ವಿ ಮಾತಾಡಲಿಲ್ಲ.
ಒಂದರ ತುದಿಯನ್ನು ಟ್ಯೂಬ್‌ಲೈಟಿಗೆ ಎತ್ತಿ
ಮತ್ತೊಂದು ತುದಿಯನ್ನು ಕಣ್ಣಿಗೆ ಹಿಡಿದರು.
ಆಮೇಲೆ ಇನ್ನೊಂದರದು.
ಎಳ್ಳಿನಷ್ಟು ಬೆಳಕು. ಅಲ್ಲೂ ಎಳ್ಳು, ಇಲ್ಲೂ ಎಳ್ಳು.
'ಬೆಳ್ಕಿಗೆ ಚಿನ್ನ ಎಂತಕ್ಕೆ ಮರಾಯಾ?'
ಹನ್ನೊಂದು ವರ್ಷದಿಂದ ಮಾರುತ್ತಿದ್ದೇನೆ,
ಯಾರೂ ಕೇಳಿರಲಿಲ್ಲ.

ಕಪ್ಪಿನದನ್ನು ಹೆಬ್ಬೆರಳಿಗೆ ಸುತ್ತಿ
ಹಗ್ಗದ ಕಸುವು ನೋಡುವವರಂತೆ ಜಗ್ಗಹೊರಟರು.
'ಬೇಡ ಬೇಡ!' ಎಂದು ಕೂಗಿಯೇಬಿಟ್ಟೆ.
ತಾಮ್ರವಾದರೆ ಹೇಗೋ ಸುಧಾರಿಸಿಕೊಳ್ಳುತ್ತದೆ,
ಇದರೊಳಗಿನದಕ್ಕೆ ಮೂಲೆ ತಿರುಗಲು ಬಾರದು.
ಬಳೆಯಗಲ ಸುತ್ತಿಡಿ, ಪರವಾಗಿಲ್ಲ,
ಮಡಚಿದಿರೋ, ಅಲ್ಲಿಗೇ ನಿಂತಿತು.
'ಗಂಟ್ ಹಾಕೂಕಾಗದ ಹಗ್ಗ!'
ಖಾರ್ವಿ ನಕ್ಕರು. ಅಂಗಡಿಯೆಲ್ಲ ತಿರುಗಿ ನೋಡಿತು,
ಕಿವುಡರ ನಗು ಸ್ವಲ್ಪ ಜೋರು.

'ಆದರೆ ಇಷ್ಟುದ್ದ ಯಾಕೆ?
ಬಾರು ಇಡುವುದು ಟೀವಿಯ ಕಾಲಬುಡಕ್ಕೆ,
ಒಂದು ಮೀಟರು ಧಾರಾಳ.'
ಕೇಳಲಿಲ್ಲವೇನೋ. ಬಲಗಡೆಗೆ ಬಂದು ಮತ್ತೆ ಕೇಳಿದೆ.
'ಎಡಗೆಮಿ ಪಂಪಿಗೆ ಕೊಟ್ಟಾಯ್ತಲ್ದಾ.
ಬಾರು ಮಂಚದ ಬಲಕ್ಕೆ, ದಿಂಬಿನ ಬುಡಕ್ಕೆ.
ಮೇಲಿನ ಬಂಕಿನವನಿಗೆ ಬೆಳಗಿನ ಪಾಳಿ, ಪಾಪ,
ಜೋರ್ ಇಡೂಕಾಗ.'

ಲಾಡಿಯನ್ನು ಕೌಂಟರಿನ ಅಳತೆಪಟ್ಟಿಗೆ ಹಾಸಿದೆ.
ಎರಡು ಮೀಟರು ಎಪ್ಪತ್ತು, ಗಂಟೂ ಸೇರಿ.
ಮೂರು ಮೀಟರಿನ ಕಪ್ಪನ್ನೇ ಚೀಲಕ್ಕೆ ಹಾಕಿದೆ.
ಸೇಠರು ತಲೆಯೆತ್ತಲಿಲ್ಲ,
ಕೆಮ್ಮಿದರು.

ಹನ್ನೊಂದೂವರೆಗೆ ಫೋನು.
'ಎಂತದೂ ಸದ್ದಿಲ್ಲೆ ಹ್ವಾಯ್.'
ಮೂಲೆ ಕತ್ತರಿಸಿದ ಬದಿ ಸರಿ ಕೂತಿತೇ? ಕೂತಿತು.
ಟೀವಿಯ ಸೆಟ್ಟಿಂಗು? ಬದಲಿಸಿದೆ.
ತುದಿಯ ಟೊಪ್ಪಿ ತೆಗೆದಿರಾ?
'...ಯಾವ ಟೊಪ್ಪಿ?'
ನೀರಿನ ಬಣ್ಣದ್ದು, ಉಗುರಿನಷ್ಟು. ಕಾಣುವುದೇ ಇಲ್ಲ ಅದು,
ಹೇಳಬೇಕಿತ್ತು ನಾನು.
ಉಸಿರು. ಮಂಚದ ಕಿರುಗು. ಟಕ್.

ಆಮೇಲೆ ಫೋನಿನೊಳಗೊಂದು ಅರಬ್ಬಿ ದನಿ,
ಯಾರೋ ಹೆಂಗಸು ಕಡಲ ಹವೆ ಓದುತ್ತಿದ್ದಳು,
ಸೊಹಾರಿಗೆ ಇಷ್ಟೆತ್ತರದ ಅಲೆ, ಸೂರಿಗೆ ಇಷ್ಟು,
ಸಲಾಲಾಕ್ಕೆ ಇನ್ನಷ್ಟು.
ಅವಳ ಬೆನ್ನಿಗೇ, ಪಿಸುದನಿಯಲ್ಲಿ, ಖಾರ್ವಿ:
'ಸೊಹಾರ್... ಸೂರ್... ಸ, ಸಲಾಲಾ...'
ಮುಳ್ಳಿದೆಯೇನೋ ಎಂದು ಮೀನನ್ನು
ನಾಲಿಗೆಯಲ್ಲೇ ಹೊರಳಿಸುವಂತೆ.

ಮೇಲಿನ ಬಂಕಿನವನು ಏನೋ ಬೈದ.
'ಆಯ್ತ್ ಆದಿಕ್, ಮನಿಕೋ.
ಲಾಡಿ ಅಲ್ಲೇ ಬಿಟ್ಟಿದೆ, ನಾಳಿಗ್ ಬತ್ತೆ.'

ತಿದ್ದಲಿಲ್ಲ ನಾನು.